ಹತ್ತಕ್ಕೆ ಹತ್ತು

ಹೊಸ ಸೊಸೆಗೆ ಹತ್ತಕ್ಕೆ ಹತ್ತು ಕೊಟ್ಟಾಗಿತ್ತು. ಆ ಅಂಕವನ್ನು ಈಗ ಹೇಗೆ ತೆಗೆಯುವುದು ಎಂದು ಅವನಿಗೆ ತಿಳಿಯಲಿಲ್ಲ. ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತು ಅಂಕಪಟ್ಟಿಯ ಆ ಒಂದು ಮನೆಯ ಮೇಲೆ ಬಾಣದ ಗುರುತು ತಂದು ನಿಲ್ಲಿಸುವುದು, ಮತ್ತೆ ಪಕ್ಕಕ್ಕೆ ಸರಿಸುವುದು, ಇಷ್ಟೇ ಆಗಿತ್ತು. ಹೊಸ ಸೊಸೆ ಎಂದರೆ ಮನುಷ್ಯರಲ್ಲ, ನೆಲ ಗುಡಿಸಿ ಒರೆಸುವ ರೋಬೋಟು. ಮನೆಬಳಕೆಯ ಸಾಮಾನುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಯಾವುದನ್ನು ಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ಹೇಳುವ ಪತ್ರಿಕೆಯಲ್ಲಿ ಅವನಿಗೆ ಕೆಲಸ. ಈ ಸಲ ಪಾಲಿಗೆ ಬಂದದ್ದು ಮೂರು ದುಬಾರಿ ರೋಬೋಟುಗಳು. ಕಂಪನಿಗಳು ಇಟ್ಟ ಹೆಸರುಗಳು ಅಕ್ಷರ ಅಂಕಿಗಳ ಕಲಸುಮೇಲೋಗರವಾಗಿದ್ದರಿಂದ, ಪೆಟ್ಟಿಗೆ ಬಿಚ್ಚಿದ ದಿನವೇ ಅವನ ಮನೆಯಲ್ಲೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೇರೆ ಹೆಸರಿಟ್ಟಿದ್ದರು. ಕುರ್ಚಿಯ ಕಾಲಿಗೆ ಢೀ ಕೊಟ್ಟು, ಹಿಂದೆ ಸರಿದು, ಮತ್ತೆ ಅದೇ ಕಾಲಿಗೆ ಹೋಗಿ ಗುದ್ದುವುದು ಗೂಳಿ. ಹೊರಟಾಗ ಒಂದು ಸಲ, ತಿರುಗಿದಾಗ ಒಂದು ಸಲ, ನೀರು ಮುಗಿದಾಗ ಒಂದು ಸಲ ಊರಿಗೆಲ್ಲ ಕೇಳುವಂತೆ ಹೇಳಿಕೊಂಡು ಓಡಾಡುವುದು ದೊಡ್ಡಪ್ಪ. ಮೂರನೆಯದು ಸದ್ದಿಲ್ಲದೆ ಬಂದು, ಯಾವುದನ್ನೂ ಮುಟ್ಟದೆ, ಎಲ್ಲದರ ಪಕ್ಕದಲ್ಲೂ ಮೈ ಹಿಡಿ ಮಾಡಿಕೊಂಡು ಹಾದುಹೋಗುತ್ತಿತ್ತು. “ಇದು ಹೊಸ ಸೊಸೆ. ಹೊಸದರಲ್ಲಿ ಎಲ್ಲಾರೂ ಹೀಗೇ ಇರ್ತಾರೆ” ಎಂದು ಅತ್ತೆ ನಕ್ಕಿದ್ದರು. ಈಗ ನಾಲ್ಕು ದಿನದಿಂದ ಅತ್ತೆ ಆಸ್ಪತ್ರೆಯಲ್ಲಿದ್ದಾರೆ. ಸೊಂಟದ ಮೂಳೆ ಮುರಿದಿದೆ.

ಆ ಹತ್ತು ಯಾವುದಕ್ಕೆ ಕೊಟ್ಟದ್ದು ಎಂಬುದು ಅವನೊಬ್ಬನಿಗೇ ಗೊತ್ತು. ದಾರಿಯಲ್ಲಿ ಬಿದ್ದ ವಸ್ತುಗಳನ್ನು ಗುರುತಿಸಿ, ಮುಟ್ಟದೆ ಬಳಸಿಕೊಂಡು ಹೋಗುವ ಜಾಣ್ಮೆಗೆ ಕೊಟ್ಟದ್ದು. ಆ ಪರೀಕ್ಷೆಗೆಂದು ಅವನೇ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಹಜಾರದಲ್ಲಿ ಒಂದು ಹಳೆಯ ಚಪ್ಪಲಿ, ಕಾಲುಚೀಲ, ಫೋನಿನ ಚಾರ್ಜರು, ಒಂದು ಒರೆಸುವ ಬಟ್ಟೆ ಹರಡಿ ಬಂದಿದ್ದ. ಪತ್ರಿಕೆಯ ಪದ್ಧತಿಯೇ ಹಾಗೆ. ಜನ ಬಾಳುವ ಮನೆಯಲ್ಲೇ ಪರೀಕ್ಷೆ ನಡೆಯಬೇಕು, ಆದರೆ ಪರೀಕ್ಷೆ ಮಾಡುವವನು ಅಲ್ಲಿರಕೂಡದು. ಇದ್ದರೆ ಕೈ ಸುಮ್ಮನಿರುವುದಿಲ್ಲ, ಯಂತ್ರ ಸಿಕ್ಕಿಹಾಕಿಕೊಂಡಾಗ ಎತ್ತಿ ಬಿಡುತ್ತಾನೆ. ಹಾಗಾಗಿ ಅವನು ಕಚೇರಿಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದ. ಅಡಚಣೆ ಕಂಡಾಗಲೆಲ್ಲ ಹೊಸ ಸೊಸೆ ಅದರ ಫೋಟೋ ತೆಗೆದು, ಕೆಳಗೆ ಹೆಸರು ಬರೆದು ಕಳಿಸುತ್ತಿತ್ತು. ಕಾಲುಚೀಲ. ವೈರು. ಚಪ್ಪಲಿ. ಬಟ್ಟೆ. ಆಮೇಲೆ ಇನ್ನೊಂದು ಬಂತು: ಚಪ್ಪಲಿ, ಬಟ್ಟೆ, ಎರಡೂ ಒಟ್ಟಿಗೆ. ಜಾಗ ಬಚ್ಚಲಮನೆಯ ಬಾಗಿಲು. ಚಪ್ಪಲಿಯನ್ನು ತಾನು ಅಲ್ಲಿ ಇಟ್ಟಿರಲಿಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿತ್ತು. ಅತ್ತೆ ಕಾಲಲ್ಲಿ ತಳ್ಳಿರಬೇಕು, ಎಷ್ಟು ಸಲ ಹೇಳಿದರೂ ಅಷ್ಟೇ, ಎಂದು ಸಿಟ್ಟೂ ಬಂದಿತ್ತು. ಯಂತ್ರ ಎರಡು ಬೆರಳಿನ ಅಂತರ ಬಿಟ್ಟು ಅದನ್ನು ಬಳಸಿಕೊಂಡು, ಹಿಂದಿನ ನೆಲವನ್ನೂ ಒರೆಸಿ, ಚಾರ್ಜಾಗಲು ನಿಲ್ಲುವ ತನ್ನ ಗೂಡಿಗೆ ಮರಳಿ, ಬಿಸಿನೀರಿನಲ್ಲಿ ಒರೆಸುಬಟ್ಟೆ ತೊಳೆದುಕೊಳ್ಳತೊಡಗಿತ್ತು. ಅವನು ಹತ್ತಕ್ಕೆ ಹತ್ತು ಬರೆದು ಕಾಫಿಗೆ ಎದ್ದಿದ್ದ.

ಅದು ಅತ್ತೆಯ ಕಾಲು. ಈ ವಾಕ್ಯವನ್ನು ದಿನಕ್ಕೆ ಹಲವು ಸಲ ಅವನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾನೆ. ಏನೂ ಆಗುವುದಿಲ್ಲ. ಅಳು ಬರಬೇಕು, ಇಲ್ಲ ಎದೆಯಾದರೂ ಹೊಡೆದುಕೊಳ್ಳಬೇಕು ಎಂದು ಕಾಯುತ್ತಾನೆ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿಯನ್ನು ಮುಟ್ಟಿದರೆ ಬೇರೆ ಯಾರದೋ ತುಟಿಯೆನಿಸುತ್ತದಲ್ಲ, ಹಾಗಿತ್ತು. ಫೋಟೋ ತೆರೆದು ನೋಡುತ್ತಾನೆ. ನೆಲದ ಮಟ್ಟದಿಂದ ತೆಗೆದದ್ದು. ಅತ್ತೆ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಯ ತಳ ಕಾಣುತ್ತದೆ, ಅದು ಹಿಮ್ಮಡಿಯ ಮೇಲೆ ಓರೆಯಾಗಿ ನಿಂತಿದೆ. ಅದರ ಹಿಂದೆ ಗುಡ್ಡೆಯಾದ ಬಟ್ಟೆ. ಖಾಲಿ ಚಪ್ಪಲಿ ಹಿಮ್ಮಡಿಯ ಮೇಲೆ ನಿಲ್ಲುವುದಿಲ್ಲ. ಒಂದು ಮಗುವಿಗೂ ತಿಳಿಯುವ ವಿಷಯ. ಅವನ ಹೊಟ್ಟೆಪಾಡೇ ಸಾಮಾನುಗಳನ್ನು ದಿಟ್ಟಿಸಿ ನೋಡುವುದು. ಮಿಕ್ಸಿಯ ಮುಚ್ಚಳ ಕೂದಲೆಳೆಯಷ್ಟು ಓರೆಯಾಗಿದ್ದರೂ ಹಿಡಿಯುವವನು ಎಂದು ಕಚೇರಿಯಲ್ಲಿ ಹೆಸರಿತ್ತು.

“ಏನಪ್ಪಾ, ಹೇಗಿದಾರೆ ಅತ್ತೆಯವರು?” ಸಂಪಾದಕರು ಬಂದು ಮೇಜಿನ ಅಂಚಿಗೆ ಒರಗಿ ನಿಂತರು. ಯಾವ ಸಾಮಾನು ಬಂದರೂ ಮೊದಲು ಕೈಯಲ್ಲಿ ಎತ್ತಿ ತೂಕ ನೋಡುವ ಅಭ್ಯಾಸದಿಂದ ಅವರಿಗೆ ತಕ್ಕಡಿ ಎಂದು ಅಡ್ಡಹೆಸರು.

“ನಾಳೆ ಆಪರೇಷನ್ ಅಂತೆ ಸರ್. ಕಿಡ್ನಿ ಸ್ವಲ್ಪ ಸುಧಾರಿಸ್ಲಿ ಅಂತ ಕಾಯ್ತಿದ್ರು.”

“ಆಗುತ್ತೆ ಬಿಡು, ಎಲ್ಲಾ ಸರಿ ಹೋಗುತ್ತೆ. ನೋಡು, ನಾನೊಂದು ಯೋಚನೆ ಮಾಡಿದೀನಿ. ಲೇಖನದ ಮಧ್ಯೆ ಒಂದು ಬಾಕ್ಸ್ ಹಾಕೋಣ. ನಿನ್ನ ಮಾತಲ್ಲೇ. ಮೆಷಿನ್ ಫೋಟೋ ಕಳಿಸ್ತು, ನೋಡಿ ಓಡಿ ಹೋದೆ, ಜೀವ ಉಳೀತು. ಆ ಫೋಟೋನೂ ಹಾಕೋಣ. ಇದೆ ತಾನೆ?”

“ಇದೆ… ಅಂದ್ರೆ, ಸರಿಯಾಗಿ ಬಂದಿಲ್ಲ ಸರ್.”

“ಸರಿಯಾಗಿ ಬರದೇ ನೀನು ಹೇಗಯ್ಯಾ ಓಡಿದೆ?” ತಕ್ಕಡಿ ನಕ್ಕು ಅವನ ಬೆನ್ನು ತಟ್ಟಿದರು. “ಸಂಕೋಚ ಬೇಡ. ಮನೇಲಿ ವಯಸ್ಸಾದವ್ರನ್ನ ಬಿಟ್ಟು ಕೆಲಸಕ್ಕೆ ಹೋಗೋ ಎಷ್ಟು ಜನ ಇದಾರೆ. ಅವ್ರಿಗೆಲ್ಲ ಉಪಯೋಗ ಆಗುತ್ತೆ. ಸಂಜೆಯೊಳಗೆ ಕೊಡು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಜೇಬಿನಲ್ಲಿದ್ದ ಫೋನಿನ ಮೇಲೆ ಹೋಯಿತು. ಓಡಿ ಬಂದ ಅಳಿಯ. ಈ ಕತೆಯನ್ನು ಹುಟ್ಟಿಸಿದ್ದು ಅವನಲ್ಲ. ಆ ದಿನ ಸಂಜೆಯಾಗುವ ಮೊದಲೇ ಅವನು ಮನೆಗೆ ಹೋಗಿದ್ದು ನಿಜ. ಗೂಡಿನಲ್ಲಿ ಬಿಸಿಗಾಳಿಗೆ ಒಣಗಿದ ಒರೆಸುಬಟ್ಟೆಯಲ್ಲಿ ಮುಗ್ಗಲು ವಾಸನೆ ಉಳಿದಿದೆಯೇ ಎಂದು ಮೂಸಿ ನೋಡುವ ಪರೀಕ್ಷೆ ಬಾಕಿಯಿತ್ತು, ಅದಕ್ಕೆ ಹೋಗಿದ್ದ. ಬಾಗಿಲು ತೆಗೆದವನು ಮೊದಲು ಬಗ್ಗಿದ್ದೂ ಗೂಡಿನ ಕಡೆಗೇ. ಆಮೇಲೆ ಒಳಗಿನಿಂದ ಅತ್ತೆಯ ದನಿ, “ಬಂದ್ರಾ?” ಎಂದು, ಯಾವಾಗಲೂ ಕೇಳುವಂತೆಯೇ, ಸ್ವಲ್ಪ ಸಣ್ಣಗೆ. ಹೋಗಿ ನೋಡಿದರೆ ಬಚ್ಚಲಮನೆಯ ಬಾಗಿಲಲ್ಲಿ ಅಂಗಾತ ಬಿದ್ದಿದ್ದರು. ತುಟಿ ಒಣಗಿ ಬಿಳಿಚಿತ್ತು. ಅವರ ಸುತ್ತಲಿನ ನೆಲ ಮಾತ್ರ ಥಳಥಳ ಹೊಳೆಯುತ್ತಿತ್ತು. ಆಂಬುಲೆನ್ಸಿಗೆ ಫೋನು ಮಾಡಿದ, ನೀರು ಕುಡಿಸಿದ, ಹೆಂಡತಿಗೆ ಹೇಳಿದ. ಕನ್ನಡಕದ ಅಂಗಡಿಯಲ್ಲಿ ಯಾರದೋ ಕಣ್ಣು ಪರೀಕ್ಷೆ ಮಾಡುತ್ತಿದ್ದ ಅವಳು ಅದನ್ನು ಅರ್ಧಕ್ಕೇ ಬಿಟ್ಟು ಬಂದಳು. ಅವಳು ಬರುವಷ್ಟರಲ್ಲಿ ಅವನು ಇನ್ನೊಂದು ಕೆಲಸವನ್ನೂ ಮಾಡಿದ್ದ. ಅತ್ತೆಗೆಂದು ಹೆಂಡತಿ ಬೆಳಿಗ್ಗೆ ಮುಚ್ಚಿಟ್ಟು ಹೋಗಿದ್ದ ಮಧ್ಯಾಹ್ನದ ಊಟ ಮೇಜಿನ ಮೇಲೆ ಹಾಗೇ ಇತ್ತು. ಅದನ್ನು ಕಸದ ಡಬ್ಬಿಗೆ ಸುರಿದು ತಟ್ಟೆ ತೊಳೆದಿಟ್ಟಿದ್ದ. ಯಾಕೆ ಎಂದು ಆಗ ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೈ ತಾನಾಗಿ ಮಾಡಿತು. ತಟ್ಟೆಯ ಹಿಂಬದಿಯನ್ನೂ ಬಿಡದೆ ಉಜ್ಜಿತು.

ಸ್ಟ್ರೆಚರಿನ ಮೇಲೆ ಎತ್ತಿ ಮಲಗಿಸುವಾಗ ಅತ್ತೆ ಮಗಳ ಕೈ ಹಿಡಿದು, “ಅಳಿಯಂದ್ರು ಮೆಷಿನ್‌ನಲ್ಲಿ ನೋಡಿ ಓಡಿ ಬಂದ್ರು ಕಣೇ” ಎಂದರು. ಅವನು ಆಗ ಬಾಗಿಲನ್ನು ಅಗಲಕ್ಕೆ ಹಿಡಿದು ನಿಂತಿದ್ದ. ಹೆಂಡತಿ ತಿರುಗಿ ನೋಡಿದಳು. ಮದುವೆಯಾದ ಹೊಸದರಲ್ಲೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಅಲ್ಲೇ, ಆಗಲೇ, ಇಲ್ಲ ಎನ್ನಬಹುದಿತ್ತು. ಬಾಗಿಲು ಭಾರವಾಗಿತ್ತು, ಸ್ಟ್ರೆಚರು ಅಡ್ಡ ಬಂತು, ಯಾರೋ ಲಿಫ್ಟು ಹಿಡಿಯಿರಿ ಎಂದು ಕೂಗಿದರು. ಹೀಗೆ ಒಂದೊಂದು ನೆಪ ಸಿಗುತ್ತ ನಾಲ್ಕು ದಿನ ಕಳೆದಿತ್ತು. ಅಮ್ಮ ಊಟ ಮಾಡಿದ ಮೇಲೆ ಬಿದ್ದಿದ್ದಾಳೆ, ತಟ್ಟೆ ತೊಳೆದಿತ್ತಲ್ಲ, ಎಂದು ಹೆಂಡತಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ರಕ್ತದ ವರದಿ ನೋಡಿ, “ಕಿಡ್ನಿಗೆ ಏಟು ಬಿದ್ದಿದೆ, ತುಂಬಾ ಹೊತ್ತು ನೀರಿಲ್ದೆ ಬಿದ್ದಿದ್ದವ್ರ ಹಾಗಿದೆಯಲ್ಲ” ಎಂದು ಹುಬ್ಬು ಗಂಟಿಕ್ಕಿದರು. “ನೋವಲ್ಲಿ ಹೊತ್ತೇ ಗೊತ್ತಾಗ್ಲಿಲ್ಲ ಡಾಕ್ಟ್ರೇ” ಎಂದರು ಅತ್ತೆ. ಅವನು ಕಿಟಕಿಯ ಹೊರಗೆ ಕಾರುಗಳು ನಿಲ್ಲುವ ಜಾಗವನ್ನು ನೋಡುತ್ತ ನಿಂತಿದ್ದ.

ಫೋನು ನಡುಗಿತು. ಹೆಂಡತಿಯ ತಮ್ಮ. ದೂರದ ಊರಿನಲ್ಲಿರುವವನು, ಅಮ್ಮನನ್ನು ನೋಡಲು ನಾಳೆ ಬರುವವನಿದ್ದ.

“ಭಾವ, ನೀವಿಲ್ದಿದ್ರೆ ಅಮ್ಮನ ಗತಿ ಏನಾಗ್ತಿತ್ತು, ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ. ಅದಿರ್ಲಿ, ನಾನೂ ಒಂದು ಮೆಷಿನ್ ತಗೋಳೋಣ ಅಂತಿದೀನಿ. ಯಾವುದು ತಗೊಳ್ಲಿ?”

“ಅದು ನೆಲ ಒರೆಸೋ ಮೆಷಿನ್ನು ಕಣಯ್ಯಾ. ಅಷ್ಟೇ.”

“ನೀವು ಯಾವಾಗ್ಲೂ ಹೀಗೇ. ಮಾಡಿದ್ದನ್ನ ಹೇಳ್ಕೊಳ್ಳೋದೇ ಇಲ್ಲ. ಹೇಳಿ ಭಾವ, ಮೂರರಲ್ಲಿ ಯಾವುದು?”

ಅವನು ಹೇಳತೊಡಗಿದ. ಹೇಳುತ್ತ ಹೋದಂತೆ ದನಿಗೆ ಜೀವ ಬಂತು. ಗೂಳಿ ಧೂಳು ಎಳೆಯುವುದರಲ್ಲಿ ಗಟ್ಟಿ, ಅಳೆದು ಹರಡಿದ ಮರಳನ್ನೂ ಹಿಟ್ಟನ್ನೂ ಹೆಚ್ಚುಕಡಿಮೆ ಪೂರ್ತಿ ಎತ್ತಿತು, ಆದರೆ ಕೂದಲು ಬ್ರಷ್ಷಿಗೆ ಸುತ್ತಿಕೊಳ್ಳುತ್ತದೆ, ಕುರ್ಚಿ ಮೇಜುಗಳ ಬಣ್ಣ ಕೆತ್ತುತ್ತದೆ. ದೊಡ್ಡಪ್ಪ ಒರೆಸುವುದರಲ್ಲಿ ಮುಂದು, ಒಣಗಿದ ಕಲೆಯನ್ನು ಎರಡು ಸಲ ಉಜ್ಜಿ ತೆಗೆಯುತ್ತದೆ, ಆದರೆ ನೀರು ಜಾಸ್ತಿ ಬಿಡುತ್ತದೆ, ಕಾರ್ಪೆಟ್ಟಿನ ಮೇಲೆ ಹೋಗುವಾಗ ಒದ್ದೆ ಬಟ್ಟೆಯನ್ನು ಸಾಕಷ್ಟು ಮೇಲೆತ್ತುವುದಿಲ್ಲ. ಮೂರನೆಯದು ಮೂಲೆಗೆ ಬಂದಾಗ ಬಟ್ಟೆಯನ್ನು ಕೈ ಚಾಚಿದಂತೆ ಹೊರಗೆ ಚಾಚಿ ಒರೆಸುತ್ತದೆ, ಹೊಸ್ತಿಲು ಹತ್ತಿ ಇಳಿಯುತ್ತದೆ, ಕೊಳೆ ನೀರಿನ ತೊಟ್ಟಿಯೊಂದನ್ನು ವಾರಕ್ಕೊಮ್ಮೆ ನಾವೇ ತೊಳೆಯಬೇಕು. ಇಷ್ಟು ಹೇಳುವಾಗ ಅವನಿಗೆ ಬಹಳ ದಿನದ ಮೇಲೆ ಒಂದು ಸಮಾಧಾನ ಸಿಕ್ಕಿತ್ತು. ಇದು ಹೆಚ್ಚು, ಇದು ಕಡಿಮೆ, ಇದು ಪರವಾಗಿಲ್ಲ ಎನ್ನುವಾಗ ಜಗತ್ತು ಅಷ್ಟರಮಟ್ಟಿಗೆ ಅಚ್ಚುಕಟ್ಟಾಗಿರುತ್ತದೆ.

“ಹಾಗಾದ್ರೆ ಮೂರನೇದೇ ಸರಿ” ಎಂದ ಭಾವಮೈದುನ. “ನಮ್ಮನೇಲೂ ನಮ್ಮ ಅತ್ತೆ ಹಗಲೆಲ್ಲ ಒಬ್ರೇ. ಇದೊಂದು ಓಡಾಡ್ಕೊಂಡಿದ್ರೆ ನಮಗೂ ಧೈರ್ಯ.”

“ಬೇಡ” ಎಂದ ಅವನು.

“ಯಾಕೆ?”

ಯಾಕೆ ಎಂಬುದಕ್ಕೆ ಉತ್ತರ ಒಂದೇ ಇತ್ತು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. “ಬೆಲೆ ಜಾಸ್ತಿ” ಎಂದ. “ಅಮ್ಮನ ಜೀವಕ್ಕಿಂತ ಬೆಲೆಯಾ ಭಾವ?” ಎಂದು ಆ ಕಡೆಯಿಂದ ನಗು ಕೇಳಿಸಿತು. ಫೋನು ಇಟ್ಟ ಮೇಲೆ ಅವನು ಆ ಅಂಕದ ಮನೆಗೆ ಹೋಗಿ ಹತ್ತನ್ನು ಅಳಿಸಿದ. ಖಾಲಿ ಮನೆ ಮಿನುಗತೊಡಗಿತು. ಒಂಬತ್ತು ಬರೆದ. ಎಂಟು ಬರೆದ. ಹೊಸ ಸೊಸೆ ಅತ್ತೆಯ ಕಾಲಿಗೆ ತಗುಲಿದ್ದರೆ, ಗೂಳಿಯ ಹಾಗೆ ಗುದ್ದಿ ಗುದ್ದಿ ಅಲ್ಲೇ ನಿಂತಿದ್ದರೆ, ‘ಸಿಕ್ಕಿಹಾಕಿಕೊಂಡಿದೆ’ ಎಂದು ಫೋನು ಬಡಿದುಕೊಳ್ಳುತ್ತಿತ್ತು. ಆಗ ಅವನು ಬೈದುಕೊಂಡಾದರೂ ಮನೆಗೆ ಹೋಗುತ್ತಿದ್ದ. ಯಂತ್ರ ತಪ್ಪು ಮಾಡಿರಲಿಲ್ಲ, ಅದು ಅಡಚಣೆಯನ್ನು ಬಳಸಿಕೊಂಡು ಹೋಗಲು ಮಾಡಿದ ಯಂತ್ರ. ಹಾಗೆ ನೋಡಿದರೆ ತಾನೂ ಈ ನಾಲ್ಕು ದಿನ ಬೇರೇನು ಮಾಡಿದೆ ಎಂದು ಅನ್ನಿಸಿ, ಮೊದಲ ಬಾರಿ ಅವನಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಮತ್ತೆ ಹತ್ತು ಬರೆದು, ಬಾಕ್ಸನ್ನು ಬರೆಯದೆ, ಕಂಪ್ಯೂಟರು ಮುಚ್ಚಿ ಆಸ್ಪತ್ರೆಗೆ ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವನು ಹೆದರುತ್ತಿದ್ದುದು ಅತ್ತೆಗಲ್ಲ, ಹೆಂಡತಿಗೆ. ಅವಳು ಜಗಳ ಕಾಯುವವಳಲ್ಲ. ಮೊದಲೊಮ್ಮೆ, ಅವಳ ಪರೀಕ್ಷೆಯ ದಿನ, ಅವನು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಮರೆತು ಮಲಗಿಬಿಟ್ಟಿದ್ದ. ಅವಳು ಏನೂ ಅನ್ನಲಿಲ್ಲ, ಅಂದಿನಿಂದ ಅವನನ್ನು ಎಲ್ಲಿಗೂ ಕರೆದುಕೊಂಡು ಹೋಗು ಎಂದು ಕೇಳಲೂ ಇಲ್ಲ. ಈಗ ನಾಲ್ಕು ದಿನದಿಂದ ಅವಳು ಅವನ ಕಾಫಿಗೆ ತಾನೇ ಸಕ್ಕರೆ ಕಲಕಿ ಕೊಡುತ್ತಿದ್ದಾಳೆ. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚುತ್ತಾಳೆ. ಆ ತಲೆಯ ಭಾರ ಅವನಿಗೆ ಬೇಕಾಗಿತ್ತು. ತನ್ನದಲ್ಲದ ಭಾರ ಎಂದು ಗೊತ್ತಿದ್ದೂ, ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಇರಲಿ ಎಂದು ಹೆಗಲು ಅಲ್ಲಾಡಿಸದೆ ಕೂತಿರುತ್ತಿದ್ದ.

ವಾರ್ಡಿನಲ್ಲಿ ಹೆಂಡತಿ ಒಗೆದು ತಂದ ಬಟ್ಟೆಗಳನ್ನು ಮಡಚುತ್ತ ನಿಂತಿದ್ದಳು. ನರ್ಸು ಅತ್ತೆಯ ಕೈಗೆ ಹಾಕಿದ ಡ್ರಿಪ್ಪು ಬದಲಾಯಿಸುತ್ತಿದ್ದಳು. ಹೊಸ ನರ್ಸು, ಹಾಗಾಗಿ ಕತೆ ಇನ್ನೊಮ್ಮೆ ಆಗುತ್ತಿತ್ತು.

“ಇವರೇ ನೋಡಿ, ಫೋನಲ್ಲಿ ನೋಡಿ ಓಡಿ ಬಂದೋರು” ಎಂದಳು ಹೆಂಡತಿ.

“ಪುಣ್ಯ ಮಾಡಿದ್ರಿ ಅಜ್ಜಿ” ಎಂದಳು ನರ್ಸು. “ನಮ್ಮನೇಲೂ ಒಬ್ಬ ಅಳಿಯ ಇದಾನೆ, ಎದುರಿಗೆ ಬಿದ್ರೂ ದಾಟ್ಕೊಂಡು ಹೋಗ್ತಾನೆ.”

ಅತ್ತೆ ನಕ್ಕರು. ಇಷ್ಟು ವರ್ಷವಾದರೂ ಅವರು ಅಳಿಯನನ್ನು ನೇರ ನೋಡಿ ಮಾತಾಡಿದವರಲ್ಲ. ನೀವು, ಬಂದ್ರಾ, ಊಟ ಆಯ್ತಾ, ಎಲ್ಲವೂ ಅವನ ಹೆಗಲ ಪಕ್ಕದ ಗೋಡೆಗೆ ಹೇಳಿದಂತೆ ಇರುತ್ತಿತ್ತು. ಇವತ್ತು ಔಷಧದ ಮಂಪರಿಗೋ, ನಾಳಿನ ಆಪರೇಷನ್ನಿನ ಭಯಕ್ಕೋ ಮಾತು ಹೆಚ್ಚಾಗಿತ್ತು. “ತಪ್ಪು ನಂದೇ. ಅದು ಓಡಾಡುವಾಗ ಏಳಬೇಡಿ, ಲೆಕ್ಕ ತಪ್ಪುತ್ತೆ ಅಂತ ಅಳಿಯಂದ್ರು ಹೇಳೇ ಇದ್ರು. ಎಷ್ಟೋ ಹೊತ್ತು ತಡ್ಕೊಂಡೆ. ಆಮೇಲೆ ಆಗ್ಲಿಲ್ಲ, ಬಚ್ಚಲಿಗೆ ಎದ್ದೆ. ಬಿದ್ದ ಮೇಲೂ ನಾನು ಕೂಗ್ಲೇ ಇಲ್ಲಮ್ಮ. ಎದುರುಮನೆಯವ್ರು ಬಾಗಿಲ ಹೊರಗೇ ನಿಂತು ಫೋನಲ್ಲಿ ಮಾತಾಡ್ತಿದ್ರು, ಎಲ್ಲಾ ಕೇಳಿಸ್ತಿತ್ತು. ಕೂಗ್ಬೋದಿತ್ತು. ಅಳಿಯಂದ್ರು ಹೇಗೂ ನೋಡಿದಾರೆ, ಬರ್ತಾರೆ, ಊರೆಲ್ಲ ಯಾಕೆ ಸೇರಿಸ್ಲಿ ಅಂತ ಸುಮ್ನಿದ್ದೆ.”

ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಇದನ್ನ ನೀನು ಹೇಳೇ ಇರ್ಲಿಲ್ಲ ಅಮ್ಮ.”

“ಹೇಳೋಕೆ ನಾಚಿಕೆ ಕಣೇ. ಬಿದ್ದಾಗ ಬಟ್ಟೆಯೆಲ್ಲ ಮೇಲೆ ಹೋಗ್ಬಿಟ್ಟಿತ್ತು. ಅಷ್ಟೊತ್ತಿಗೆ ಆ ಹೊಸ ಸೊಸೆ ಬರೋದು ಕಾಣ್ತು. ಅಯ್ಯೋ, ಇದು ಕಂಡಿದ್ದೆಲ್ಲ ಅವ್ರ ಫೋನಿಗೆ ಹೋಗುತ್ತಲ್ಲ, ಅಳಿಯಂದ್ರು ನೋಡ್ತಾರಲ್ಲ ಅಂತ, ಬಾಗಿಲ ಮೇಲಿದ್ದ ಟವೆಲ್ ಹಿಡಿದು ಎಳೆದು ಕಾಲ್ ಮೇಲೆ ಹಾಕ್ಕೊಂಡೆ. ಅಷ್ಟು ತಿರುಗೋಷ್ಟರಲ್ಲಿ ಜೀವ ಬಾಯಿಗೆ ಬಂತು. ಪೂರ್ತಿ ಮುಚ್ಚೋ ತನಕ ಬಿಡ್ಲಿಲ್ಲ. ಅದು ಬಂತು, ದೀಪ ಹಚ್ಚಿ ನೋಡ್ತು, ಪಕ್ಕದಲ್ಲೇ ಒರೆಸ್ಕೊಂಡು ಹೋಯ್ತು. ನಾನು ನಿಶ್ಚಿಂತೆಯಾದೆ.”

ನರ್ಸು ಖಾಲಿ ಬಾಟಲಿ ಎತ್ತಿಕೊಂಡು ಹೋದಳು. ಪಕ್ಕದ ಹಾಸಿಗೆಯವರ ಬಳಿ ಯಾರೋ ಹಣ್ಣು ಹೆಚ್ಚುತ್ತಿದ್ದರು. ನಾಲ್ಕು ದಿನದಿಂದ ಮರಗಟ್ಟಿದ್ದ ಜಾಗದಲ್ಲಿ ಎಲ್ಲೋ ಒಳಗೆ ನೋವು ಶುರುವಾಯಿತು, ಅದು ನೋವೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಚ್ಚಲ ಬಾಗಿಲಲ್ಲಿ ಮುರಿದ ಸೊಂಟದ ಹೆಂಗಸು ಟವೆಲಿಗೆ ಕೈ ಚಾಚುವುದು ಕಂಡಿತು. ಅವನು ನೋಡುತ್ತಾನೆಂದು. ಅವನಿಗಾಗಿ.

“ಅತ್ತೆ, ನಾನು ನೋಡ್ಲಿಲ್ಲ” ಎಂದ.

ದನಿ ಅಷ್ಟೇನೂ ನಡುಗಲಿಲ್ಲ. “ಫೋಟೋ ಬಂತು. ಬೆಳಿಗ್ಗೇನೇ ಬಂತು. ನಾನಿಟ್ಟ ಚಪ್ಪಲಿ ಬಟ್ಟೆ ಅಂದ್ಕೊಂಡೆ. ನಿಮ್ಮ ಕಾಲು ಅಂತ ಗೊತ್ತಾಗ್ಲಿಲ್ಲ. ನಾನು ಮನೆಗೆ ಬಂದಿದ್ದು ಬೇರೆ ಕೆಲಸಕ್ಕೆ. ನಿಮ್ಮ ಊಟ ಹಾಗೇ ಇತ್ತು, ಚೆಲ್ಲಿ ತಟ್ಟೆ ತೊಳೆದಿಟ್ಟೋನೂ ನಾನೇ.”

ಅತ್ತೆ ಗೋಡೆಯಿಂದ ಕಣ್ಣು ತೆಗೆದು ಅವನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡ, ಬೈದರೆ ಸಾಕು ಎಂದುಕೊಂಡ. ಅವರ ಹುಬ್ಬುಗಳ ನಡುವೆ ಒಂದು ಗೆರೆ ಮೂಡಿ, ಏನೋ ಯೋಚಿಸಿ, ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

“ಹಾಗಾದ್ರೆ ಕಾಲು ಕಾಣಿಸ್ಲಿಲ್ವಾ ನಿಮಗೆ?”

“ಇಲ್ಲ ಅತ್ತೆ. ಬಟ್ಟೆ ಅಷ್ಟೇ ಕಾಣ್ತು.”

“ಸದ್ಯ” ಎಂದರು ಅತ್ತೆ, ಮತ್ತು ಕಣ್ಣು ಮುಚ್ಚಿದರು.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಬೆಳಗಿನಿಂದ ಹಿಡಿದು ಅವನು ಮನೆಗೆ ಬಂದ ಹೊತ್ತಿನವರೆಗೆ, ಒಂದೊಂದೇ ಬೆರಳು ಮಡಚಿ ಗಂಟೆಗಳನ್ನು ಎಣಿಸುತ್ತಿದ್ದಳು. ಒಂದು ಕೈಯ ಬೆರಳುಗಳು ಮುಗಿದು ಇನ್ನೊಂದು ಕೈಗೆ ಬಂದಿದ್ದಳು.